ಮೂವತ್ತಾರು ಬೈಟಿನ ಹನುಮಂತರಾಯಪ್ಪ ಮೇಷ್ಟ್ರು

ಯಾರಾದರೂ ಹೆಸರು ಹೇಳಿದ ಕೂಡಲೇ ಹನುಮಂತರಾಯಪ್ಪ ಮೇಷ್ಟ್ರ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡತೊಡಗುತ್ತಿತ್ತು. ಮದುವೆಮನೆಯಲ್ಲಿ ಗಂಡು ಹೆಣ್ಣನ್ನು ಪರಿಚಯಿಸಿದರೂ ಅಷ್ಟೆ, ಬಸ್ಸಿನಲ್ಲಿ ಪಕ್ಕದವರು ಮಾತಾಡಿಸಿದರೂ ಅಷ್ಟೆ. ಊರು ಯಾವುದು, ಯಾರ ಮಕ್ಕಳು ಎಂದು ಕೇಳುವುದಕ್ಕೆ ಮೊದಲೇ ಆ ಹೆಸರು ಕಂಪ್ಯೂಟರಿನೊಳಗೆ ಎಷ್ಟು ಜಾಗ ತಿನ್ನುತ್ತದೆ ಎಂದು ಅವರು ಎಣಿಸಿ ಮುಗಿಸಿರುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಶಿರಾದಲ್ಲಿ, ಡಿಪ್ಲೊಮಾ ಸೇರಿದ ವಾರ. ಸಿ ಭಾಷೆಯ ಲ್ಯಾಬಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಉದ್ದನೆಯ, ಒಣಕಲು ಮನುಷ್ಯ. ಅರ್ಧ ತೋಳಿನ ಬಿಳಿ ಅಂಗಿಯ ಜೇಬಿನಲ್ಲಿ ಕಪ್ಪು, ನೀಲಿ, ಕೆಂಪು ಮೂರು ಪೆನ್ನು.

"ಏನಮ್ಮ ನಿನ್ ಹೆಸ್ರು?"

"ಗೀತಾ ಸಾರ್."

"ಕನ್ನಡದಾಗೆ ಬರುದ್ರೆ ಹನ್ನೆರಡು ಬೈಟು. ಕೊನೇ ಸೊನ್ನೆ ಸೇರಿ ಹದಿಮೂರು. ಒಳ್ಳೆ ಹೆಸ್ರು ಕಣಮ್ಮ. ನಂದು ನೋಡು, ಬರೀ ಹೆಸ್ರಿಗೇ ಮೂವತ್ತಾರು. ಹೆಸ್ರು ಇಡೋವಾಗ ನಮ್ಮಪ್ಪಂಗೆ ಒಂದೀಟು ಯೋಚ್ನೆ ಬ್ಯಾಡ್ವಾ?"

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಅದು ಅವರಿಗೆ ನಿಜವಾಗಿಯೂ ಬೇಸರದ ವಿಷಯವಾಗಿತ್ತು.

ಮೇಷ್ಟ್ರು ಮದಲೂರಿನವರು. ದಿನವೂ ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದರು. ಹುದ್ದೆಯಿಂದ ಲ್ಯಾಬಿನ ಇನ್‌ಸ್ಟ್ರಕ್ಟರ್ ಅಷ್ಟೇ, ಆದರೆ ಪಾಠ ಮಾಡುತ್ತಿದ್ದವರು ಅವರೇ. ಅವರ ಮೇಜಿನ ಗಾಜಿನಡಿಯಲ್ಲಿ ಬುದ್ಧನ ಒಂದು ಸಣ್ಣ ಪಟ, ಅದರ ಪಕ್ಕ ಮದಲೂರು ಬಸ್ಸಿನ ಟೈಮಿನ ಚೀಟಿ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಎದುರಿಗೆ ಯಾರಿದ್ದರೂ ಮುಚ್ಚಳದಲ್ಲಿ ಅರ್ಧ ಹಾಕಿಕೊಟ್ಟು, "ತಿನ್ನಮ್ಮ, ಜಯಮ್ಮ ಯಾವತ್ತೂ ಜಾಸ್ತಿನೇ ಹಾಕ್ತಾಳೆ" ಅನ್ನುತ್ತಿದ್ದರು. ಜಯಮ್ಮ ಅವರ ಹೆಂಡತಿ. ಮಕ್ಕಳಿರಲಿಲ್ಲ.

ಸಣ್ಣ ಸಣ್ಣ ಪದಗಳನ್ನು ಯಂತ್ರದೊಳಗೆ ಹೇಗೆ ಇಡಬೇಕು ಎನ್ನುವುದು ಅವರ ಜೀವಮಾನದ ಗೀಳು. ಪುಸ್ತಕದಲ್ಲಿ ಇದ್ದದ್ದು ಸುಲಭ: ಒಂದು ಹೆಸರು ಬಂತೋ, ಯಂತ್ರವನ್ನು ಅಷ್ಟು ಜಾಗ ಕೇಳು, ಕೊಡುತ್ತದೆ, ಕೆಲಸ ಮುಗಿಯಿತೋ, ವಾಪಸು ಕೊಡು. ಮೇಷ್ಟ್ರಿಗೆ ಇದು ಒಗ್ಗುತ್ತಿರಲಿಲ್ಲ.

"ನೀನು ಹದಿಮೂರು ಬೈಟು ಕೇಳ್ದೆ. ಅದು ಸುಮ್ನೆ ಕೊಡಾಕಿಲ್ಲ. ಯಾರಿಗೆ ಕೊಟ್ಟೆ, ಎಷ್ಟು ಕೊಟ್ಟೆ ಅಂತ ಪಕ್ಕದಾಗೇ ಒಂದು ಚೀಟಿ ಬರ್ಕೊಂತದೆ. ಆ ಚೀಟಿಗೇ ಎಂಟು ಬೈಟು. ದೊಡ್ಡ ಕಾದಂಬರಿ ಇಡೋದಾದ್ರೆ ಆಗ್ಲಿ ಬುಡು. ಗೀತಾ ಅನ್ನೋ ಎರಡಕ್ಷರಕ್ಕೆ ಅಂಗೆ ಮಾಡಿದ್ರೆ ಹೆಂಗೆ?"

ಇನ್ನೊಂದು ತೊಂದರೆಯನ್ನು ಅವರು ಬಸ್ಸಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಶಿರಾದಲ್ಲಿ ತುಂಬಿದ ಬಸ್ಸು ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ಇಳಿಸುತ್ತಾ ಹೋಗುತ್ತದೆ. ಮುಂದೊಂದು ಸೀಟು ಖಾಲಿ, ಹಿಂದೊಂದು ಖಾಲಿ. ಎಣಿಸಿದರೆ ನಾಲ್ಕು ಸೀಟಿದೆ, ಆದರೆ ನಾಲ್ಕು ಜನರ ಸಂಸಾರ ಹತ್ತಿದರೆ ಒಟ್ಟಿಗೆ ಕೂರಲು ಜಾಗವಿಲ್ಲ. ಯಂತ್ರದಲ್ಲೂ ಹಾಗೇ, ಚೂರು ಚೂರು ಜಾಗ ಚದುರಿಹೋಗಿ ಕೊನೆಗೆ ಯಾರಿಗೂ ಸಾಲುವುದಿಲ್ಲ. ಅದಕ್ಕೆ ಅವರ ಉಪಾಯ ಇದು: ಮೊದಲೇ ಒಂದಷ್ಟು ಜಾಗ ಒಟ್ಟಿಗೆ ಹಿಡಿದು, ಅದನ್ನು ಒಂದೇ ಅಳತೆಯ ಗೂಡುಗಳಾಗಿ ಮಾಡು. ಯಾರು ಬಿಟ್ಟುಹೋದರೂ ಮುಂದೆ ಬಂದವರಿಗೆ ಆ ಗೂಡು ಸರಿಹೋಗುತ್ತದೆ. ಯಾವ ಗೂಡು ಖಾಲಿ ಎಂದು ಬೇರೆ ಪಟ್ಟಿ ಬೇಡ, ಖಾಲಿ ಗೂಡಿನೊಳಗೇ, ಅದರ ಕೊನೆಯಲ್ಲಿ, ಮುಂದಿನ ಖಾಲಿ ಗೂಡಿನ ನಂಬರು ಬರೆದಿಡು.

ಒಂದು ದಿನ ಬೆಂಕಿಪೊಟ್ಟಣಗಳನ್ನು ಅಂಟಿಸಿ ಉದ್ದನೆಯ ಸಾಲು ಮಾಡಿಕೊಂಡು ತಂದರು. ಒಂದೊಂದು ಪೊಟ್ಟಣದಲ್ಲಿ ಒಂದೊಂದು ಅಕ್ಷರದ ಚೀಟಿ, ಹೆಸರು ಮುಗಿದ ಮೇಲೆ ಒಂದು ಪೊಟ್ಟಣದಲ್ಲಿ ಬೆಣಚುಕಲ್ಲು. ಆ ಕಲ್ಲೇ ಸೊನ್ನೆ. ಅದು ಸಿಕ್ಕಿದಲ್ಲಿಗೆ ಹೆಸರು ಮುಗಿಯಿತು ಎಂದು ಯಂತ್ರ ತಿಳಿಯುತ್ತದೆ. "ಸೊನ್ನೆ ಅಂತ ಅಸಡ್ಡೆ ಮಾಡ್ಬ್ಯಾಡ್ರಿ. ಅದಕ್ಕೂ ಒಂದು ಮನೆ ಬೇಕು. ಕೊಡ್ಲಿಲ್ಲ ಅಂದ್ರೆ ಪಕ್ಕದೋರ ಮನೇಗೆ ಓಗಿ ಕುಂತ್ಕೊಂತದೆ." ಆ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ನಿವೃತ್ತಿಯಾದ ಮೇಲೆ ಮೇಷ್ಟ್ರು ಮಧುಗಿರಿಯಲ್ಲಿ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ ಹಿಡಿದರು. ಕೊರಟಗೆರೆಯ ನಮ್ಮ ಮನೆಗೆ ಅವರೇ ಬಂದು, "ಗೀತಾ, ಸಣ್ಣ ಸಣ್ಣ ಯಂತ್ರ ಮಾಡಾಣ, ನಮ್ಮ ಸುತ್ತಮುತ್ತಲೋರಿಗೆ ಉಪಯೋಗ ಆಗಂಗೆ. ನೀನು ಕೋಡು ಬರಿ" ಎಂದು ನನ್ನನ್ನು ಕರೆದರು. ಬೋರ್ಡಿಗೆ ಬೆಸುಗೆ ಹಾಕಲು ಶಿರಾದ ಇಮ್ರಾನ್ ಇದ್ದ. ಮೂವರದೇ ಕಾರ್ಖಾನೆ. ಕಿಟಕಿ ತೆರೆದರೆ ಮಧುಗಿರಿಯ ಬೆಟ್ಟ, ಮುಚ್ಚಿದರೆ ಸೀಸದ ಹೊಗೆ. ನನ್ನ ಬದುಕಿನ ಒಳ್ಳೆಯ ಮೂರು ವರ್ಷಗಳನ್ನು ನಾನು ಅಲ್ಲಿ ಕಳೆದೆ.

ನಮಗೆ ಬಂದ ದೊಡ್ಡ ಕೆಲಸ ಪಾವಗಡ ಕಡೆಯ ಒಂದು ಸಂಚಾರಿ ಕ್ಲಿನಿಕ್ಕಿನದು. ಒಂದು ಸೇವಾಸಂಸ್ಥೆ ವ್ಯಾನಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಬಸುರಿ ಹೆಂಗಸರನ್ನು ನೋಡುತ್ತಿತ್ತು. ಅವರಿಗೆ ಬೇಕಾದದ್ದು ಒಂದು ಪೆಟ್ಟಿಗೆ: ಬೆಳಿಗ್ಗೆ ಗುಂಡಿ ಒತ್ತಿದರೆ ಅವತ್ತು ಯಾರನ್ನು ನೋಡಬೇಕು, ಯಾವ ಊರು ಎಂದು ಕನ್ನಡದಲ್ಲಿ ಒಂದು ಚೀಟಿ ಬರಬೇಕು. ನೆಟ್‌ವರ್ಕ್ ಇಲ್ಲದ ಕಡೆಯೂ, ಬ್ಯಾಟರಿಯಲ್ಲಿ, ಬಿಸಿಲಿನಲ್ಲಿ ನಡೆಯಬೇಕು. ನಾವು ಆರಿಸಿದ ಚಿಪ್ಪು ಗಟ್ಟಿಮುಟ್ಟು, ಆದರೆ ಅದರ ಮೆಮೊರಿ ಒಂದು ಫೋಟೋ ಇಡುವುದಕ್ಕೂ ಸಾಲದಷ್ಟು. ಮೇಷ್ಟ್ರಿಗೆ ಹಬ್ಬವಾಯಿತು.

ಹೆಂಗಸರ ಹೆಸರೂ ಊರಿನ ಹೆಸರೂ ಒಂದೇ ಸಾಲಿನ ಗೂಡುಗಳಲ್ಲಿ ಕೂರಬೇಕಿತ್ತು. ಗೂಡಿನ ಅಳತೆ ಎಷ್ಟಿರಬೇಕು ಎಂದು ತೀರ್ಮಾನಿಸಲು ಅವರು ನಾಲ್ಕು ತಾಲ್ಲೂಕಿನ ಊರುಗಳ ಹೆಸರನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಬೈಟು ಎಣಿಸಿದರು. ಕನ್ನಡದ ಒಂದೊಂದು ಅಕ್ಷರವೂ, ಅದಕ್ಕೆ ಹತ್ತುವ ಒಂದೊಂದು ಕೊಂಬು, ಗುಡಿಸೂ ಯಂತ್ರದೊಳಗೆ ಮೂರು ಮೂರು ಬೈಟು. ಶಿರಾ ಹನ್ನೆರಡು, ಪಾವಗಡ ಹದಿನೈದು, ಬರಗೂರು ಹದಿನೆಂಟು. ಗೂಡು ಇಪ್ಪತ್ತನಾಲ್ಕು ಬೈಟಿನದಿರಲಿ, ಅದಕ್ಕೆ ಹಿಡಿಯದ ಹೆಸರುಗಳಿಗೆ ಬೇರೆ ಕಡೆ ದೊಡ್ಡ ಜಾಗ ಎಂದು ಗೊತ್ತಾಯಿತು. ನೋಟ್‌ಬುಕ್ಕಿನಲ್ಲಿ ಕೆಲವು ಹೆಸರಿಗೆ ಕೆಂಪು ಗುರುತು ಹಾಕಿದ್ದರು: ಕೊರಟಗೆರೆ, ಬಲಸಮುದ್ರ.

"ನೋಡಮ್ಮ, ನಿಮ್ಮೂರೂ ಸೇರಿ ಇವು ಸರ್ಯಾಗಿ ಇಪ್ಪತ್ನಾಕು. ಗೂಡಿಗೆ ಹಿಡೀತವೆ ಅನ್ನಂಗೆ ಕಾಣ್ತವೆ. ಆದ್ರೆ ಸೊನ್ನೆಗೆ ಜಾಗ ಇಲ್ಲ. ಇವನ್ನ ದೊಡ್ಡ ಜಾಗಕ್ಕೇ ಕಳಿಸ್ಬೇಕು."

"ಗೊತ್ತು ಸಾರ್" ಅಂದೆ.

ಆ ಭಾಗವನ್ನು ಬರೆದವಳು ನಾನು. ನನ್ನ ತಂಗಿಯ ಮದುವೆಯ ವಾರ ಅದು. ಮೂರೂವರೆ ಬಸ್ಸಿಗೆ ಹೊರಡಬೇಕು, ಚಪ್ಪರದ ಕೆಲಸ ಬಾಕಿ ಎಂದು ಮನೆಯಿಂದ ಫೋನಿನ ಮೇಲೆ ಫೋನು. ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಇದ್ದರೆ ಗೂಡಿಗೆ ಹಾಕು ಎಂದು ಬರೆಯಬೇಕಾದ ಕಡೆ, ಕಡಿಮೆ ಅಥವಾ ಸಮ ಇದ್ದರೆ ಹಾಕು ಎಂದು ಬರೆದುಬಿಟ್ಟೆ. ಒಂದೇ ಒಂದು ಚಿಹ್ನೆ ಹೆಚ್ಚು. ನಾನು ಬರೆದ ಒಂದೊಂದು ಸಾಲನ್ನೂ ಮೇಷ್ಟ್ರು ಓದುತ್ತಿದ್ದರು, ಆದರೆ ಆ ವಾರ ಜಯಮ್ಮನವರ ಕಣ್ಣಿಗೆ ಪೊರೆ ಆಪರೇಷನ್ ಆಗಿ ಅವರು ತುಮಕೂರಿನ ಆಸ್ಪತ್ರೆಯಲ್ಲಿದ್ದರು. ಫೋನಿನಲ್ಲೇ ಕೇಳಿದರು. "ಎಲ್ಲಾ ನೋಡಿದ್ಯೇನಮ್ಮ?" "ನೋಡಿದೀನಿ ಸಾರ್." ಪರೀಕ್ಷೆಗೆ ಇನ್ನೂರು ಹೆಸರು ತುಂಬಿ ನೋಡಿದ್ದೆ, ಎಲ್ಲವೂ ಸರಿಯಾಗಿಯೇ ಬಂದಿದ್ದವು.

ಸರಿಯಾಗಿ ಬರದೆ ಏನು? ಹೊಸದಾಗಿ ಸಾಲಾಗಿ ತುಂಬುವಾಗ ಪಕ್ಕದ ಗೂಡಿಗೆ ನುಗ್ಗಿದ ಸೊನ್ನೆಯ ಮೇಲೆ ಮುಂದಿನ ಹೆಸರು ಬಂದು ಕೂರುತ್ತದೆ, ತಪ್ಪು ಕಾಣುವುದೇ ಇಲ್ಲ. ಅದು ಕಾಣುವುದು ಆಮೇಲೆ. ಯಾರಿಗೋ ಹೆರಿಗೆಯಾಗಿ ನಡುವಿನ ಗೂಡು ಖಾಲಿಯಾಗಿ, ಅಲ್ಲಿಗೆ ಬಲಸಮುದ್ರ ಎನ್ನುವ ಹೆಸರು ಬಂದು ಕೂತರೆ, ಅದರ ಸೊನ್ನೆ ಪಕ್ಕದ ಗೂಡಿನಲ್ಲಿ ಆಗಲೇ ಇದ್ದವರ ಮೊದಲ ಅಕ್ಷರವನ್ನು ಅಳಿಸುತ್ತದೆ. ಮೊದಲಲ್ಲೇ ಸೊನ್ನೆ ಸಿಕ್ಕಿದರೆ ಯಂತ್ರದ ಪಾಲಿಗೆ ಆ ಹೆಸರೇ ಇಲ್ಲ. ಹೆಸರಿಲ್ಲದವರನ್ನು ಚೀಟಿ ಬಿಟ್ಟು ಮುಂದಕ್ಕೆ ಹೋಗುತ್ತದೆ.

ಹಾಗೆ ಬಿಟ್ಟುಹೋದವಳು ಸುಜಾತ. ಬಲಸಮುದ್ರದ ಆಚೆಯ ಒಂದು ಹಟ್ಟಿಯವಳು, ಚೊಚ್ಚಲು ಬಸುರಿ. ರಕ್ತದೊತ್ತಡ ಏರುತ್ತಿದೆ, ವಾರವಾರ ನೋಡಬೇಕು ಎಂದು ನರ್ಸು ಪೆಟ್ಟಿಗೆಗೆ ಹಾಕಿದ್ದಳು. ಮೂರು ವಾರ ಚೀಟಿಯಲ್ಲಿ ಅವಳ ಹೆಸರು ಬರಲಿಲ್ಲ. ಎಪ್ಪತ್ತು ಎಂಬತ್ತು ಹೆಸರಿನ ನಡುವೆ ಒಂದು ಇಲ್ಲದ್ದು ನರ್ಸಿಗೆ ಹೊಳೆಯಲಿಲ್ಲ. ನಾಲ್ಕನೆಯ ವಾರ ಸುಜಾತಳಿಗೆ ಫಿಟ್ಸ್ ಬಂತು. ಪಾವಗಡಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ಗಂಡುಮಗು ಹೋಗಿತ್ತು. ತಾಯಿ ಉಳಿದಳು.

ಪೆಟ್ಟಿಗೆ ನಮ್ಮಲ್ಲಿಗೆ ಬಂದದ್ದು ರಿಪೇರಿಗೆಂದು. "ಒಂದು ಹೆಸರು ಪ್ರಿಂಟ್ ಆಗಿಲ್ಲ, ನೋಡಿ" ಎಂದು ಬರೆದಿದ್ದರು, ಅಷ್ಟೆ. ಮಗು ಹೋದ ಸಂಗತಿಯನ್ನು ಪೆಟ್ಟಿಗೆ ತಂದುಕೊಟ್ಟ ವ್ಯಾನಿನ ಡ್ರೈವರ್ ಹೇಳಿದ. ಮೇಷ್ಟ್ರು ಎರಡು ದಿನ ಅದರ ಮುಂದೆ ಕೂತರು. ಮೂರನೆಯ ದಿನ ಬೆಳಿಗ್ಗೆ ನಾನು ಹೋದಾಗ ಕಂಪ್ಯೂಟರಿನಲ್ಲಿ ನನ್ನ ಆ ಸಾಲು ತೆರೆದಿತ್ತು. ಅವರು ಕುರ್ಚಿ ಸರಿಸಿ ನನಗೆ ಜಾಗ ಬಿಟ್ಟರು. ಓದಿದೆ.

"ಸಾರ್, ಪೇಪರ್ ಸಿಕ್ಕಾಕ್ಕೊಂಡಿತ್ತು ಅಂತ ಹೇಳೋಣ" ಅಂದೆ. ಈ ಮಾತು ನನ್ನ ಬಾಯಿಂದ ಬಂದದ್ದು. ಬರೆಯದೆ ಬಿಡಬಹುದಿತ್ತು, ಆದರೆ ಅವರ ಬಗ್ಗೆ ಬರೆಯಲು ಕೂತು ಇದನ್ನು ಬಿಡಲಾರೆ.

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಬೆಳಗ್ಗಿನಿಂದ ಏನೂ ತಿನ್ನದವರ ಹಾಗೆ ಕಾಣುತ್ತಿದ್ದರು.

"ಒಂದು ಕೂಸು ಓಗೈತೆ ಕಣಮ್ಮ" ಅಂದರು.

ಅವತ್ತು ಮಧ್ಯಾಹ್ನವೇ ಸಂಸ್ಥೆಯ ಡಾಕ್ಟರಿಗೆ ಫೋನು ಮಾಡಿ ಕರೆಸಿದರು. ಡಾಕ್ಟರು ಎಲ್ಲವನ್ನೂ ಕೇಳಿ, "ಇದನ್ನ ಬರೆದವರು ಯಾರು?" ಎಂದರು. ನಾನು ಇಮ್ರಾನನ ಪಕ್ಕ ನಿಂತಿದ್ದೆ. ಬಾಯಿ ತೆರೆಯಬೇಕಿತ್ತು. ಮೇಷ್ಟ್ರು ನನಗೆ ಆ ಸಮಯವನ್ನೇ ಕೊಡಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವರು ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಆಮೇಲೆ ಹೇಳಿದರು: "ನಂದೇ ಸಾರ್. ನೋಡಿ ಕಳಿಸ್ಬೇಕಾದೋನು ನಾನು. ತಪ್ಪು ನಂದು." ಅಷ್ಟು ಹೊತ್ತು ನನಗಿತ್ತು.

ಸಂಸ್ಥೆ ಪೆಟ್ಟಿಗೆಗಳನ್ನೆಲ್ಲ ವಾಪಸು ಕಳಿಸಿತು. ಕೋಣೆಗೆ ಬೀಗ ಬಿತ್ತು. ಬೀಗ ಹಾಕುವ ದಿನ ನಾನು ಅತ್ತುಬಿಟ್ಟೆ. "ಸಾರ್, ಬರೆದಿದ್ದು ನಾನು ಅಂತ ಈಗ್ಲಾದ್ರೂ ಹೋಗಿ ಹೇಳ್ತೀನಿ."

"ಯೋಳಿ ಏನ್ಮಾಡ್ತೀಯಮ್ಮ? ನಿಂಗಿನ್ನೂ ಕೈ ತುಂಬ ಕೆಲ್ಸ ಐತೆ. ನಂದು ಮುಗೀತು. ಈ ಹೆಸ್ರು ನನ್ ಮ್ಯಾಲೇ ಇರ್ಲಿ ಬುಡು." ಬೀಗವನ್ನು ಒಮ್ಮೆ ಎಳೆದು ನೋಡಿ ಕೇಳಿದರು: "ಆ ಚಿಹ್ನೆ ತಿದ್ದಿದ್ಯೇನಮ್ಮ?"

"ತಿದ್ದಿದೆ ಸಾರ್."

"ಸರಿ."

ಆಮೇಲೆ ನನಗೆ ಮಧುಗಿರಿಯಲ್ಲೇ ಒಂದು ಕಾಲೇಜಿನಲ್ಲಿ ಸಿ ಭಾಷೆ ಕಲಿಸುವ ಕೆಲಸ ಸಿಕ್ಕಿತು. ಮದಲೂರಿಗೆ ಹೋಗಿ ಅವರನ್ನು ನೋಡಬೇಕು ಎಂದು ತಿಂಗಳು ತಿಂಗಳೂ ಅಂದುಕೊಳ್ಳುತ್ತಿದ್ದೆ. ಎರಡು ವರ್ಷದಲ್ಲಿ ಹೋದದ್ದು ಎರಡೇ ಸಲ. ಎರಡನೆಯದೇ ಕೊನೆಯದು. ಜಗುಲಿಯ ಮೇಲೆ ಮಡಿಚಿದ ಕಂಬಳಿಗೆ ಒರಗಿ ಕೂತಿದ್ದರು. ಹೃದಯದ ತೊಂದರೆ ಎಂದು ಜಯಮ್ಮ ಬಾಗಿಲಲ್ಲೇ ಪಿಸುಗುಟ್ಟಿದರು. ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರು ಅದಕ್ಕೆ ಅವಕಾಶ ಕೊಡದೆ ಕ್ಲಾಸಿನಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ, ಸೊನ್ನೆಯ ಪಾಠಕ್ಕೆ ಬೆಂಕಿಪೊಟ್ಟಣ ತಗೊಂಡು ಹೋಗ್ತೀಯಾ ಎಂದೆಲ್ಲ ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದಾಗ ಕೈ ಹಿಡಿದು, "ನೀನು ಚೆಂದಾಗಿ ಬರೀತೀಯ ಕಣಮ್ಮ" ಅಂದರು. ಅದನ್ನು ಕೇಳಲಾಗದೆ ಬೇಗ ಬೇಗ ಮೆಟ್ಟಿಲಿಳಿದೆ.

ಅವರು ಹೋದ ಸುದ್ದಿ ತಿಳಿಸಿದ್ದು ಇಮ್ರಾನ್. "ಮೇಷ್ಟ್ರು ಗುಜರ್ ಗಯೇ ಗೀತಕ್ಕ" ಎಂದವನೇ ಫೋನು ಇಟ್ಟ. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಜಯಮ್ಮ ನನ್ನನ್ನು ಒಳಗೆ ಕೂರಿಸಿಕೊಂಡು ಒಂದು ಮಾತು ಕೇಳಿದರು.

"ಗೀತಾ, ಪ್ರತಿ ತಿಂಗ್ಳು ಮೊದಲ್ನೇ ಸೋಮವಾರ ಇವ್ರು ಪಾವಗಡದ ಕಡೀಕೆ ಓಗ್ತಿದ್ರಲ್ಲ, ಅಲ್ಲಿ ಯಾರವ್ರೆ? ಕೇಳಿದ್ರೆ, ಒಂದು ಹೆಣ್ಮಗಳು ಅವ್ಳೆ, ಓಗ್ಬೇಕು ಅನ್ನೋರು. ಮೈಯಾಗೆ ಉಸ್ರು ಇಲ್ದಿದ್ರೂ ಓಗೋರು. ಈಗ ಅವ್ಳಿಗೆ ಯಾರು ಯೋಳ್ತಾರೆ?"

ನನಗೆ ಗೊತ್ತೇ ಇರಲಿಲ್ಲ.

ಮುಂದಿನ ತಿಂಗಳ ಮೊದಲ ಸೋಮವಾರ ನಾನು ಹೋದೆ. ಪಾವಗಡದಲ್ಲಿ ಬಸ್ಸು ಬದಲಿಸಿ ಬಲಸಮುದ್ರದಲ್ಲಿ ಇಳಿದು, ಸೋಲಾರ್ ಹಲಗೆಗಳ ಬೇಲಿ ಹಿಡಿದು ಒಂದು ಮೈಲಿ ನಡೆದೆ. ಎದೆಯ ಬೇನೆ ಇಟ್ಟುಕೊಂಡು ಅವರು ಇಷ್ಟು ದೂರ ನಡೆದದ್ದಾದರೂ ಹೇಗೋ. ಹಟ್ಟಿಯಲ್ಲಿ ಕೇಳಿದ ಕೂಡಲೇ ಮನೆ ತೋರಿಸಿದರು. ಸುಜಾತ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು, ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಎಂಟು ತಿಂಗಳ ಹೆಣ್ಣುಕೂಸು. ಮದಲೂರಿನ ಮೇಷ್ಟ್ರ ಕಡೆಯವಳು ಎಂದೆ.

"ಸಾರು ರಾಲೇದಾ ಅಕ್ಕಾ? ಈ ಸಲ ಯಾಕೆ ಬರ್ಲಿಲ್ಲ?" ಅವಳು ನನ್ನ ಹಿಂದೆ ದಾರಿಯ ಕಡೆ ನೋಡಿದಳು. "ಹೋದ ತಿಂಗ್ಳೂ ಬರ್ಲಿಲ್ಲ. ಈ ಪಾಪ ಹೊಟ್ಟೇಲಿದ್ದಾಗ ಒಂದು ತಿಂಗ್ಳೂ ತಪ್ಪಿಸ್ಲಿಲ್ಲ. ಬಂದೋರೇ, ಬಿ.ಪಿ. ನೋಡಿಸ್ದೇನಮ್ಮ ಅಂತ ಕೇಳೋರು. ಇಲ್ಲ ಅಂದ್ರೆ ನಮ್ ಯಜಮಾನ್ರನ್ನ ಕರ್ಕೊಂಡು ಅವ್ರೇ ಆಸ್ಪತ್ರೆ ತನಕ ಬರೋರು. ಒಂದು ಲೋಟ ನೀರು ಬಿಟ್ರೆ ಏನೂ ತಗೊಳ್ತಿರ್ಲಿಲ್ಲ."

ನಾನು ಸುದ್ದಿ ಹೇಳಿದೆ. ಅವಳು ಕಡಲೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತವರಿನವರು ಸತ್ತರೆ ಅಳುವ ಹಾಗೆ, ದನಿ ತೆಗೆದು. ಕೂಸೂ ಅತ್ತಿತು. ಅದನ್ನು ಎತ್ತಿಕೊಳ್ಳಲು ನನ್ನ ಕೈ ಏಳಲಿಲ್ಲ.

ಅಳು ನಿಂತ ಮೇಲೆ ನಾನು ಉಳಿದದ್ದನ್ನೂ ಹೇಳಿದೆ. ಆ ಪೆಟ್ಟಿಗೆಯಲ್ಲಿ ನಿನ್ನ ಹೆಸರು ಅಳಿಸಿಹೋಗುವಂತೆ ತಪ್ಪು ಬರೆದವಳು ನಾನು, ಮೇಷ್ಟ್ರಲ್ಲ, ಅವರು ನನ್ನನ್ನು ಉಳಿಸಲು ತಮ್ಮದು ಅಂದರು ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಹೊರಟೆ. ಅವಳು ಕೈ ಅಡ್ಡ ಹಿಡಿದಳು.

"ಅವ್ರು ಮೊದಲ್ನೇ ದಿನ ಬಂದು, ನನ್ ಪೆಟ್ಟಿಗೆ ನಿನ್ ಹೆಸ್ರು ನುಂಗ್ಬುಡ್ತು ಕಣಮ್ಮ, ತಪ್ಪು ನಂದು ಅಂದ್ರು. ನಂಗಿನ್ನೂ ಎದೆ ಹಾಲು ನಿಂತಿರ್ಲಿಲ್ಲ ಅಕ್ಕಾ. ಬಾಯಿಗೆ ಬಂದಂಗೆ ಬೈದೆ. ಮಣ್ಣು ತೂರ್ದೆ. ನಿನ್ ಮಕ್ಳು ಮಣ್ಣಾಗ್ಲಿ ಅಂದ್ಬುಟ್ಟೆ. ಇದೇ ಜಾಗ್ದಾಗೆ, ಬಿಸ್ಲಾಗೆ ನಿಂತ್ಕಂಡು ಎಲ್ಲಾ ಕೇಳುಸ್ಕಂಡ್ರು. ಆಮ್ಯಾಕೆ, ನಂಗೆ ಮಕ್ಳಿಲ್ಲ ಕಣಮ್ಮ ಅಂದ್ರು. ಅಷ್ಟೇ ಅಂದಿದ್ದು." ಅವಳು ಕೂಸಿನ ಕಡೆ ನೋಡಿದಳು. "ಅಯ್ಯೋ ದೇವುಡಾ. ಆ ಮಾತು ನಾನು ಈಗ ಯಾರತ್ರ ಓಗಿ ವಾಪಸ್ ತಗಳ್ಳಿ?"

ನನ್ನನ್ನೂ ಬೈದರೆ ಸಾಕು ಎಂದು ಕಾದೆ. ಬೈಯಲಿಲ್ಲ. ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಹೋದಳು.

"ಮುಂದಿನ ತಿಂಗಳು ನಾನು ಬರ್ತೀನಿ ಸುಜಾತ" ಅಂದೆ.

ಅವಳು ತಿರುಗಿ ನೋಡಿದಳು. "ಬ್ಯಾಡ ಅಕ್ಕಾ. ನೀನು ಬರ್ಬ್ಯಾಡ. ನಿನ್ನ ನೋಡಿದ್ರೆ ಅವ್ರು ಅಲ್ಲಿ ನಿಂತಿದ್ದೇ ಕಣ್ಣಿಗೆ ಕಟ್ತದೆ."

ಬಾಗಿಲು ಹಾಕಿಕೊಂಡಳು.

ಅಲ್ಲಿಂದಾಚೆ ನಾನು ಆ ಕಡೆ ಹೋಗಿಲ್ಲ. ಬರಬೇಡ ಅಂದವಳ ಮನೆಗೆ ಹೇಗೆ ಹೋಗಲಿ ಎಂದುಕೊಂಡು ಸುಮ್ಮನಿದ್ದೇನೆ. ಮೇಷ್ಟ್ರು ಆಗಿದ್ದರೆ ಹೋಗಿರುತ್ತಿದ್ದರು.